ಪಿಕಪ್ ಟೈರ್: ರೇಟು ಕೇಳುವ ಮೊದಲು ಪಕ್ಕೆ ಓದಿ

ಮಾನ್ಯ ಸಂಪಾದಕರೆ,

‘ಟೈರ್ ಸಿಡಿದು ಪಿಕಪ್ ಪಲ್ಟಿ’ ಎಂಬ ಸುದ್ದಿ ಬೇಸಿಗೆ ಬಂತೆಂದರೆ ಜಿಲ್ಲಾ ಪುಟಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಓದಿದವರಿಗೆ ಅದು ಹಣೆಬರಹ ಅನ್ನಿಸಬಹುದು. ಟೈರ್ ಕೆಲಸ ಬಲ್ಲವರಿಗೆ ಹಾಗೆ ಅನ್ನಿಸುವುದಿಲ್ಲ. ಮೊಳೆ ಹೊಕ್ಕರೆ ಟೈರಿನ ಗಾಳಿ ಇಳಿಯುತ್ತದೆ, ಅಷ್ಟೆ. ಢಂ ಎಂದು ಸಿಡಿಯಬೇಕಾದರೆ ಅದರ ಒಳಗಿನ ನೂಲು ಅದಕ್ಕೂ ಮೊದಲೇ ಕಾದು, ಬಳಲಿ, ರಬ್ಬರಿನಿಂದ ಬಿಟ್ಟುಕೊಂಡಿರುತ್ತದೆ. ಹೊರಲಾರದ ಟೈರಿನ ಮೇಲೆ ಹೊರೆ, ಕಡಿಮೆ ಗಾಳಿ, ಮುದಿ ರಬ್ಬರ್ – ಹೆಚ್ಚಿನ ಪಾಲು ಈ ಮೂರೇ ಕಾರಣ. ಇವುಗಳಲ್ಲಿ ಎರಡು, ಟೈರ್ ಕೊಳ್ಳುವ ದಿನವೇ ಅಂಗಡಿಯಲ್ಲಿ ತೀರ್ಮಾನವಾಗಿಬಿಡುತ್ತವೆ. ಆದ್ದರಿಂದ ಪಿಕಪ್ ಇಟ್ಟುಕೊಂಡಿರುವ ರೈತರು, ಬಾಡಿಗೆ ಓಡಿಸುವ ಚಾಲಕರು ಟೈರ್ ಬದಲಿಸುವ ಮುನ್ನ ತಿಳಿದಿರಬೇಕಾದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಅಂಗಡಿಗೆ ಹೋದವರು ಮೊದಲು ಕೇಳುವುದು ರೇಟು. ಕೇಳಬೇಕಾದದ್ದು ತೂಕ. ಟೈರಿನ ಪಕ್ಕೆಯಲ್ಲಿ ‘195 ಆರ್ 15 ಎಲ್‌ಟಿ 8ಪಿಆರ್ 106/104ಆರ್’ ಎಂಬಂಥ ಸಾಲು ಅಚ್ಚಾಗಿರುತ್ತದೆ. 195 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ. ಮೊದಲ ಆರ್ ಅಂದರೆ ರೇಡಿಯಲ್. 15 ಎಂಬುದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಎಲ್‌ಟಿ ಅಂದರೆ ಲೈಟ್ ಟ್ರಕ್. 8ಪಿಆರ್ ಎಂದರೆ ಒಳಗೆ ಎಂಟು ಪದರ ಇದೆ ಎಂದಲ್ಲ, ಎಂಟು ಪದರದ ಹಳೆಯ ಹತ್ತಿ ನೂಲಿನ ಟೈರಿಗೆ ಇದ್ದಷ್ಟು ಬಲ ಇದೆ ಎಂದು. ಎಲ್ಲಕ್ಕಿಂತ ಮುಖ್ಯವಾದದ್ದು 106/104. ಇದು ಲೋಡ್ ಇಂಡೆಕ್ಸ್. ಮೊದಲ ಅಂಕಿ ಒಂದೇ ಚಕ್ರ ಇರುವ ಕಡೆಗೆ, ಎರಡನೆಯದು ಜೋಡಿ ಚಕ್ರ ಇರುವ ಕಡೆಗೆ. 100 ಅಂದರೆ 800 ಕೆ.ಜಿ., 102 ಅಂದರೆ 850, 104ಕ್ಕೆ 900, 106ಕ್ಕೆ 950, 108ಕ್ಕೆ 1,000, 112ಕ್ಕೆ 1,120 ಕೆ.ಜಿ. ಕೊನೆಯ ಅಕ್ಷರ ವೇಗದ ಮಿತಿ: ಎನ್ ಇದ್ದರೆ ಗಂಟೆಗೆ 140 ಕಿ.ಮೀ., ಕ್ಯೂ ಇದ್ದರೆ 160, ಆರ್ ಇದ್ದರೆ 170. ನಮ್ಮ ರಸ್ತೆಯ ಪಿಕಪ್‌ಗಳಿಗೆ ಅದು ಎಂದೂ ಅಡ್ಡಿಯಾಗುವುದಿಲ್ಲ. ಅಡ್ಡಿಯಾಗುವುದು ತೂಕವೇ.

ಇಲ್ಲೇ ಒಂದು ದೊಡ್ಡ ತಪ್ಪು ನಡೆಯುತ್ತಿದೆ. 215/75 ಆರ್ 15 ಅಳತೆಯ ಟೈರ್ ಜೀಪಿನಂಥ ಪ್ಯಾಸೆಂಜರ್ ಗಾಡಿಗೂ ಬರುತ್ತದೆ, ಸರಕಿನ ಪಿಕಪ್ಪಿಗೂ ಬರುತ್ತದೆ. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಮೇಲ್ನೋಟಕ್ಕೆ ವ್ಯತ್ಯಾಸವೇ ಗೊತ್ತಾಗದು. ಪ್ಯಾಸೆಂಜರ್ ಟೈರ್ ಅಗ್ಗ, ಮೆತ್ತಗೆ ಓಡುತ್ತದೆ, ಹೊಳಪೂ ಹೆಚ್ಚು. ಅದರ ಲೋಡ್ ಇಂಡೆಕ್ಸ್ ಸಾಮಾನ್ಯವಾಗಿ 100. ಲೆಕ್ಕ ಹಾಕಿ ನೋಡಿ. ಸರಕು ಸೇರಿ ಒಟ್ಟು 3,000 ಕೆ.ಜಿ. ತೂಗುವ ಪಿಕಪ್ಪಿನ ಹಿಂದಿನ ಆಕ್ಸಲ್ (ಅಚ್ಚು) ಮೇಲೆ 1,900 ಕೆ.ಜಿ. ಬಿತ್ತು ಎಂದುಕೊಳ್ಳೋಣ. ಒಂದೊಂದು ಟೈರ್ 950 ಕೆ.ಜಿ. ಹೊರಬೇಕು, ಅಂದರೆ ಇಂಡೆಕ್ಸ್ ಕನಿಷ್ಠ 106 ಇರಬೇಕು. 100ರ ಟೈರ್ ಹಾಕಿದರೆ ಎರಡೂ ಸೇರಿ ಹೊರುವುದು 1,600 ಕೆ.ಜಿ. ಮಾತ್ರ. ಗಾಡಿಗೆ ಒಂದು ಕೆ.ಜಿ. ಓವರ್‌ಲೋಡ್ ಹಾಕದೆಯೇ ಟೈರಿಗೆ 300 ಕೆ.ಜಿ. ಓವರ್‌ಲೋಡ್! ಕೋಲಾರದ ಮಾರುಕಟ್ಟೆಯ 15 ಕೆ.ಜಿ. ಲೆಕ್ಕದಲ್ಲಿ ಇದು ಇಪ್ಪತ್ತು ಬಾಕ್ಸ್ ಟೊಮೆಟೊ. ಇಂಥ ಟೈರ್ ಮೊದಲ ತಿಂಗಳು ಏನೂ ಹೇಳುವುದಿಲ್ಲ. ಪಕ್ಕೆ ಹೆಚ್ಚು ಹೆಚ್ಚು ಬಾಗುತ್ತಾ ಒಳಗೇ ಕಾಯುತ್ತದೆ, ಆಮೇಲೆ ಪಕ್ಕೆಯಲ್ಲೋ ಭುಜದ (ಪಕ್ಕೆಯೂ ಮೇಲ್ಮೈಯೂ ಸೇರುವ ಅಂಚಿನ) ಹತ್ತಿರವೋ ಗುಳ್ಳೆ ಏಳುತ್ತದೆ.

ಎರಡನ್ನೂ ಬೇರೆ ಮಾಡಿ ಗುರುತಿಸಲು ಸುಲಭ ದಾರಿ ಇದೆ. ಭಾರತದಲ್ಲಿ ಟೈರಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಜತೆ ಐಎಸ್ 15633 ಎಂದಿದ್ದರೆ ಅದು ಪ್ಯಾಸೆಂಜರ್ ಕಾರಿನ ಮಾನದಂಡ. ಐಎಸ್ 15636 ಎಂದಿದ್ದರೆ ವಾಣಿಜ್ಯ ವಾಹನದ್ದು. ಪಿಕಪ್ಪಿಗೆ ಬೇಕಾದದ್ದು ಎರಡನೆಯದು. ‘ಇದೇ ಸೈಜು, ಆರಾಮಾಗಿ ಕೂರುತ್ತೆ’ ಎಂದು ಯಾರು ಹೇಳಿದರೂ ಈ ಸಂಖ್ಯೆಯನ್ನೂ ಲೋಡ್ ಇಂಡೆಕ್ಸನ್ನೂ ಕಣ್ಣಾರೆ ನೋಡದೆ ದುಡ್ಡು ಎಣಿಸಬೇಡಿ.

ನಿಮ್ಮ ಗಾಡಿಗೆ ಎಷ್ಟು ಬೇಕು ಎನ್ನುವುದಕ್ಕೆ ಬಾಗಿಲ ಕಂಬದ ಬಳಿಯ ಸ್ಟಿಕ್ಕರ್, ಕಂಪನಿ ಕೊಟ್ಟ ಪುಸ್ತಕ, ಆರ್‌ಸಿಯಲ್ಲಿ ನಮೂದಾದ ಆಕ್ಸಲ್ ತೂಕ ನೋಡಿ. ಹಿಂದಿನ ಆಕ್ಸಲ್ ತೂಕವನ್ನು ಎರಡರಿಂದ ಭಾಗಿಸಿ, ಬಂದದ್ದಕ್ಕಿಂತ ಕಡಿಮೆ ತೂಕ ಹೊರುವ ಇಂಡೆಕ್ಸಿನ ಟೈರ್ ಬೇಡ. ಹೆಚ್ಚಿದ್ದರೆ ತೊಂದರೆಯಿಲ್ಲ. ಪಕ್ಕದವರ ಗಾಡಿಯಲ್ಲಿ ಏನಿದೆ ಎನ್ನುವುದು ಆಧಾರವಾಗಬಾರದು. ಒಂದೇ ಹೆಸರಿನ ಪಿಕಪ್ಪಿನಲ್ಲೂ 1.3 ಟನ್‌ನದಕ್ಕೆ ಒಂದು ಅಳತೆ, 1.7 ಟನ್‌ನದಕ್ಕೆ ಇನ್ನೊಂದು ಅಳತೆ ಇರಬಹುದು. ಸಣ್ಣ ಗಾಡಿಗಳಲ್ಲಿ 145 ಆರ್ 12, ಅದಕ್ಕಿಂತ ದೊಡ್ಡದರಲ್ಲಿ 185 ಆರ್ 14 ಸಾಮಾನ್ಯ. ಅಲ್ಲೂ ಎಲ್‌ಟಿ, 8ಪಿಆರ್ ಎಂಬುದನ್ನು ಬಿಡಬಾರದು.

‘ದೊಡ್ಡ ಟೈರ್ ಹಾಕಿದರೆ ಹೆಚ್ಚು ಲೋಡ್ ತಡೆಯುತ್ತೆ’ ಎಂದು 195ರ ಜಾಗಕ್ಕೆ 7.00 ಆರ್ 15 (ಅಗಲ 7 ಇಂಚು) ಹಾಕಿಸುವವರಿದ್ದಾರೆ. ಟೈರ್ ತಡೆದೀತು, ಗಾಡಿ? 195 ಆರ್ 15ರ ಒಟ್ಟು ಎತ್ತರ 700 ಮಿ.ಮೀ. ಹತ್ತಿರ, 7.00 ಆರ್ 15ರದ್ದು ಸುಮಾರು 750. ಶೇ 7ರಷ್ಟು ವ್ಯತ್ಯಾಸ. ಮೀಟರ್ 60 ತೋರಿಸುವಾಗ ಗಾಡಿ 64ರಲ್ಲಿ ಓಡುತ್ತಿರುತ್ತದೆ, ಏರಿನಲ್ಲಿ ಕ್ಲಚ್ ಬೇಗ ಸವೆಯುತ್ತದೆ, ಬ್ರೇಕ್ ಹಿಡಿತ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಆ ಟೈರ್ ಬೇಡುವ ಹೆಚ್ಚಿನ ಗಾಳಿಯನ್ನು ಹಳೆಯ ರಿಮ್ ತಾಳುತ್ತದೆಂಬ ಖಾತರಿಯೂ ಇಲ್ಲ. ಸ್ಪ್ರಿಂಗ್ ಪ್ಲೇಟು, ಆಕ್ಸಲ್, ಬೇರಿಂಗ್ ಮಾತ್ರ ಮೊದಲಿನವೇ. ಓವರ್‌ಲೋಡಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000. ಆ ಒಂದು ದಂಡದಲ್ಲಿ ಒಂದು ಜೊತೆ ಒಳ್ಳೆಯ ಟೈರ್ ಬರುತ್ತದೆ.

ಇನ್ನು ತಯಾರಾದ ದಿನ. ಪಕ್ಕೆಯ ಮೇಲೆ ಉದ್ದನೆಯ ಗುಳಿಯೊಳಗೆ ನಾಲ್ಕು ಅಂಕಿ ಇರುತ್ತವೆ. 2325 ಎಂದಿದ್ದರೆ 2025ರ 23ನೇ ವಾರ, ಅಂದರೆ ಜೂನ್ ಮೊದಲ ವಾರದ ಆಸುಪಾಸು. ಕೆಲವು ಟೈರಿನಲ್ಲಿ ಇದು ಒಂದೇ ಪಕ್ಕೆಯಲ್ಲಿರುತ್ತದೆ, ತಿರುಗಿಸಿ ನೋಡಬೇಕು. ಆರು ತಿಂಗಳೊಳಗಿನದಾದರೆ ನಿಶ್ಚಿಂತೆ. ವರ್ಷ ದಾಟಿದ್ದರೆ ರೇಟು ಇಳಿಸಲು ಕೇಳಿ. ಎರಡು ವರ್ಷ ದಾಟಿದ್ದನ್ನು ಹೊಸದರ ಬೆಲೆಗೆ ಯಾಕೆ ಕೊಳ್ಳಬೇಕು? ಅದರಲ್ಲೂ ಅಂಗಡಿ ಮುಂದೆ ಬಿಸಿಲಿಗೆ ಜೋಡಿಸಿಟ್ಟ ಟೈರ್ ಬೇಡವೇ ಬೇಡ. ಬಿಸಿಲಿಗೂ ಗಾಳಿಗೂ ರಬ್ಬರಿನ ಜಿಡ್ಡು ಆರಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಸ್ಟೆಪ್ನಿಗೂ ಇದೇ ಮಾತು. ಓಡದೆ ಗಾಡಿ ಕೆಳಗೆ ನೇತಾಡುತ್ತಿದ್ದ ಸ್ಟೆಪ್ನಿಯ ಬಟನ್ (ರಸ್ತೆಗೆ ತಾಗುವ ಗೆರೆ-ಕಟ್ಟೆಗಳ ಮೈ) ಹೊಸದರಂತೆ ಕಂಡರೂ ಆರು ವರ್ಷ ದಾಟಿದ್ದರೆ ಅದನ್ನು ಮುಂದಕ್ಕೆ ಹಾಕಿ ಹೆದ್ದಾರಿಗೆ ಇಳಿಯಬಾರದು.

ಈಗ ಬೆಲೆಗೆ ಬರೋಣ. ಟೈರಿನ ಬೆಲೆಯನ್ನು ರೂಪಾಯಿಯಲ್ಲಲ್ಲ, ಕಿಲೋಮೀಟರಿಗೆ ಎಷ್ಟು ಪೈಸೆ ಎಂದು ನೋಡಬೇಕು. ಲೆಕ್ಕಕ್ಕೆಂದು ಎರಡು ಟೈರ್ ಹಿಡಿಯೋಣ: ಒಂದು 7,000 ರೂಪಾಯಿ, 35,000 ಕಿ.ಮೀ. ಓಡುತ್ತದೆ, ಇನ್ನೊಂದು 9,000 ರೂಪಾಯಿ, 60,000 ಓಡುತ್ತದೆ. ಮೊದಲನೆಯದು ಕಿಲೋಮೀಟರಿಗೆ 20 ಪೈಸೆ, ಎರಡನೆಯದು 15 ಪೈಸೆ. ತಿಂಗಳಿಗೆ 4,000 ಕಿ.ಮೀ. ಓಡುವ ಗಾಡಿಯಲ್ಲಿ ನಾಲ್ಕು ಟೈರಿಗೆ ವರ್ಷಕ್ಕೆ 9,600 ರೂಪಾಯಿ ಉಳಿತಾಯ. ಪಂಕ್ಚರಾಗಿ ಮಾರುಕಟ್ಟೆ ತಪ್ಪಿದ ದಿನದ ನಷ್ಟ ಇದರಲ್ಲಿ ಸೇರಿಲ್ಲ.

‘ಎಷ್ಟು ಓಡುತ್ತದೆ ಅಂತ ಮೊದಲೇ ಹೇಗೆ ಗೊತ್ತಾಗಬೇಕು?’ ಎಂದು ಕೇಳಬಹುದು. ಅಂಗಡಿಯವರ ಮಾತಿಗಿಂತ ನಿಮ್ಮದೇ ಅಳತೆ ವಾಸಿ. ಬಟನ್ ನಡುವಿನ ಗುಂಡಿಯ ಆಳ ಅಳೆಯುವ ಪುಟ್ಟ ಗೇಜ್ ಒಂದಿಟ್ಟುಕೊಳ್ಳಿ. ಹೊಸ ಟೈರ್ ಹಾಕಿದ ದಿನ ಆಳ ಬರೆದಿಡಿ, ಮೀಟರ್ ರೀಡಿಂಗ್ ಬರೆದಿಡಿ. 9 ಮಿ.ಮೀ. ಇದ್ದದ್ದು 10,000 ಕಿ.ಮೀ. ಓಡಿದ ಮೇಲೆ 7.9ಕ್ಕೆ ಬಂದಿದ್ದರೆ ಸವೆದದ್ದು 1.1. ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ. ಕಳೆದರೆ ಬಳಸಲು ಸಿಗುವುದು 7.4 ಮಿ.ಮೀ.; ಆ ಟೈರ್ ಹೀಗೇ ಸವೆದರೆ 67,000 ಕಿ.ಮೀ. ಬರುತ್ತದೆ. ಒಂದು ಸಲ ಹೀಗೆ ಅಳೆದವರಿಗೆ ಮುಂದಿನ ಸಲ ಯಾವ ಕಂಪನಿಯ ಯಾವ ಬಟನ್ ಕೊಳ್ಳಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಎಂಆರ್‌ಎಫ್, ಅಪೋಲೊ, ಸಿಯೆಟ್, ಮೈಸೂರಿನ ವಿಕ್ರಾಂತ್ ಕಾರ್ಖಾನೆಯನ್ನು 1997ರಲ್ಲಿ ಕೊಂಡ ಜೆಕೆ – ಎಲ್ಲರೂ ಲೈಟ್ ಟ್ರಕ್ಕಿಗೆ ಒಂದಕ್ಕಿಂತ ಹೆಚ್ಚು ಬಗೆ ಮಾಡುತ್ತಾರೆ. ಕಂಪನಿಯ ಹೆಸರಿಗಿಂತ ಬಗೆಯ ಆಯ್ಕೆ ದೊಡ್ಡದು.

ಬಗೆ ಅಂದರೆ ಮೊದಲನೆಯದು ನೈಲಾನೋ ರೇಡಿಯಲ್ಲೋ ಎಂಬುದು. ರೇಡಿಯಲ್‌ನಲ್ಲಿ ನೂಲು ಅಡ್ಡಕ್ಕೆ, ಬಟನ್ ಕೆಳಗೆ ಉಕ್ಕಿನ ಪಟ್ಟಿ. ನೆಲಕ್ಕೆ ಸಮನಾಗಿ ಕೂರುತ್ತದೆ, ಕಡಿಮೆ ಕಾಯುತ್ತದೆ, ಡೀಸೆಲ್ ಉಳಿಸುತ್ತದೆ, ಡಾಂಬರಿನಲ್ಲಿ ಬಹಳ ಕಾಲ ಬಾಳುತ್ತದೆ. ಪಕ್ಕೆ ಮಾತ್ರ ತೆಳು. ಚೂಪು ಜಲ್ಲಿ, ಬಂಡೆಯ ಮೂಲೆ ತಗುಲಿದರೆ ಸೀಳುತ್ತದೆ. ನೈಲಾನ್ ಟೈರಿನಲ್ಲಿ ನೂಲು ಓರೆಗೆ ಇರುತ್ತದೆ, ಪಕ್ಕೆ ಗಟ್ಟಿ; ಕ್ವಾರಿ, ಇಟ್ಟಿಗೆ ಗೂಡು, ಕಲ್ಲುದಾರಿಯಲ್ಲೇ ದಿನವಿಡೀ ಓಡುವ ಗಾಡಿಗೆ ಈಗಲೂ ಅದೇ ಸರಿ. ಆದರೆ ಅದೇ ನೈಲಾನ್ ಹಾಕಿಕೊಂಡು ಏಪ್ರಿಲ್ ಬಿಸಿಲಲ್ಲಿ ರಾಯಚೂರು, ಬಳ್ಳಾರಿ ಕಡೆ 80ರ ವೇಗದಲ್ಲಿ ಗಂಟೆಗಟ್ಟಲೆ ಓಡಿಸಿದರೆ ಬಟನ್ ಬೇಗ ಕರಗುತ್ತದೆ. ಒಂದೇ ಆಕ್ಸಲ್ಲಿಗೆ ಒಂದು ಕಡೆ ನೈಲಾನ್, ಇನ್ನೊಂದು ಕಡೆ ರೇಡಿಯಲ್ ಎಂದೂ ಹಾಕಬಾರದು. ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಎರಡು ಮಾತ್ರ ರೇಡಿಯಲ್ ಇದ್ದರೆ ಅವು ಹಿಂದೆ ಇರಲಿ.

ಎರಡನೆಯದು ಬಟನ್. ಉದ್ದುದ್ದ ಗೆರೆಯ ರಿಬ್ ಟೈರ್ ಸ್ಟಿಯರಿಂಗಿಗೆ ಚೆನ್ನಾಗಿ ಒದಗುತ್ತದೆ, ಮೈಲೇಜ್ ಹೆಚ್ಚು. ದಪ್ಪ ಕಟ್ಟೆಗಳ ಲಗ್ ಟೈರ್ ಕೆಸರಲ್ಲಿ ಕಚ್ಚುತ್ತದೆ, ಡಾಂಬರಿನಲ್ಲಿ ಸದ್ದು ಮಾಡುತ್ತಾ ಬೇಗ ಸವೆಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ತರಕಾರಿ ಹಾಕುವ ಗಾಡಿಗೆ ನಾಲ್ಕೂ ರಿಬ್ ಸಾಕು. ಮಲೆನಾಡಿನ ಅಡಿಕೆ, ಕಾಫಿ ತೋಟದ ಮಣ್ಣುದಾರಿ ಹತ್ತಬೇಕಾದ ಗಾಡಿಗೆ ಮುಂದೆ ರಿಬ್, ಹಿಂದೆ ಸೆಮಿ ಲಗ್. ಪೂರ್ತಿ ಲಗ್ ಬೇಕಾಗುವುದು ಬಹಳ ಕಡಿಮೆ ಮಂದಿಗೆ.

ನಾಲ್ಕೂ ಒಟ್ಟಿಗೆ ಬದಲಿಸಲು ಕೈಲಿ ದುಡ್ಡಿರುವುದಿಲ್ಲ, ಎರಡೆರಡೇ ಹಾಕಿಸುವುದು ವಾಡಿಕೆ. ಆಗ ಹೊಸವು ಮುಂದೋ ಹಿಂದೋ ಎಂಬ ವಾದ ಇದ್ದೇ ಇದೆ. ಲಾರಿಯ ಲೆಕ್ಕದಲ್ಲಿ ಹೊಸದು ಮುಂದೆ. ಆದರೆ ಪಿಕಪ್ ಖಾಲಿ ವಾಪಸಾಗುವಾಗ ಹಿಂಬದಿ ತೀರಾ ಹಗುರ. ಮಳೆಯಲ್ಲಿ ಬ್ರೇಕ್ ಒತ್ತಿದರೆ ಮೊದಲು ಜಾರುವುದು ಸವೆದ ಹಿಂದಿನ ಟೈರ್, ಗಾಡಿ ಬುಗುರಿಯಂತೆ ತಿರುಗುತ್ತದೆ. ನಾಲ್ಕೂ ಗಟ್ಟಿಯಾಗಿದ್ದು ಬಟನ್ ಮಾತ್ರ ಹೆಚ್ಚು ಕಡಿಮೆ ಇದ್ದರೆ ಆಳ ಹೆಚ್ಚಿರುವ ಜೋಡಿ ಹಿಂದಕ್ಕೆ ಹೋಗಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಪ್ಯಾಚ್ ಹಾಕಿದ್ದು, ಪಕ್ಕೆ ಸೀಳಿದ್ದು, ರೀಸೋಲ್ (ಹಳೆಯ ಟೈರಿಗೆ ಹೊಸ ಬಟನ್ ಅಂಟಿಸುವುದು) ಆದದ್ದು ಯಾವುದೂ ಮುಂದೆ ಇರಬಾರದು. ಮುಂದಿನ ಟೈರ್ ಸಿಡಿದರೆ ಸ್ಟಿಯರಿಂಗ್ ಕೈಗೆ ಸಿಗುವುದಿಲ್ಲ.

ರೀಸೋಲ್ ಬೇಡವೆಂದಲ್ಲ. ಕೇಸ್ (ಬಟನ್ ಕೆಳಗಿನ ನೂಲಿನ ಮೈ) ಗಟ್ಟಿಯಿದ್ದರೆ ಹಿಂದಿನ ಚಕ್ರಕ್ಕೆ ಅದು ಒಳ್ಳೆಯ ಉಳಿತಾಯ. ನೂಲು ಕಾಣುವವರೆಗೆ ಓಡಿಸಿ ಆಮೇಲೆ ತಂದರೆ ಏನೂ ಮಾಡಲಾಗದು, 3 ಮಿ.ಮೀ. ಉಳಿದಿರುವಾಗಲೇ ಬಿಚ್ಚಬೇಕು. ಗಾಳಿ ಇಳಿದ ಮೇಲೂ ಒಂದೆರಡು ಕಿಲೋಮೀಟರ್ ಉರುಳಿಸಿದ ಟೈರಿನ ಒಳಗೆ ಕೈಯಾಡಿಸಿದರೆ ಕರಿ ಪುಡಿ ಸಿಗುತ್ತದೆ, ಪಕ್ಕೆಯ ಒಳಮೈ ಸುತ್ತಲೂ ಸುಕ್ಕಾಗಿರುತ್ತದೆ. ಅದರ ನೂಲು ಮುರಿದಿದೆ ಎಂದರ್ಥ. ಅಂಥದ್ದಕ್ಕೆ ರೀಸೋಲೂ ಬೇಡ, ಪಂಕ್ಚರೂ ಬೇಡ, ಎಸೆಯಬೇಕು.

ಸೆಕೆಂಡ್ ಹ್ಯಾಂಡ್ ಟೈರ್ ಕೊಳ್ಳುವವರು ಇನ್ನೊಂದು ಮೋಸ ತಿಳಿದಿರಬೇಕು. ಬೋಳಾದ ಟೈರಿಗೆ ಕಾದ ಬ್ಲೇಡಿನಿಂದ ಮತ್ತೆ ಗೆರೆ ಕೊಯ್ದು ಕಪ್ಪು ಬಳಿದು ಮಾರುತ್ತಾರೆ. ಕಂಪನಿಯ ಗುಂಡಿಗಳ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಪುಟ್ಟ ದಿಣ್ಣೆಗಳಿರುತ್ತವೆ, ಅವೇ ಸವೆತದ ಗುರುತು. ಭುಜದ ಮೇಲೆ ಸಣ್ಣ ತ್ರಿಕೋನ ಅಥವಾ ಟಿಡಬ್ಲ್ಯುಐ ಎಂಬ ಅಕ್ಷರ ಇರುವ ಕಡೆ ನೇರ ಹುಡುಕಿದರೆ ಸಿಗುತ್ತವೆ. ಅಲ್ಲಿ ದಿಣ್ಣೆ ಇಲ್ಲದಿದ್ದರೆ, ಗುಂಡಿಯ ಅಂಚು ಒರಟಾಗಿದ್ದರೆ, ಅದು ಕೊಯ್ದ ಟೈರ್. ತಳದಲ್ಲಿ ನೂಲಿಗೂ ರಸ್ತೆಗೂ ನಡುವೆ ಕಾಗದದಷ್ಟೇ ರಬ್ಬರ್ ಉಳಿದಿರುತ್ತದೆ.

ಕೊಂಡ ಟೈರ್ ಹಾಕುವಾಗಲೂ ಕೆಡಬಹುದು. ಟ್ಯೂಬ್ ಇರುವ ಟೈರಾದರೆ ಟ್ಯೂಬೂ ಫ್ಲಾಪೂ (ಟ್ಯೂಬಿಗೂ ರಿಮ್ಮಿಗೂ ನಡುವಿನ ರಬ್ಬರ್ ಪಟ್ಟಿ) ಹೊಸದೇ ಆಗಲಿ. ಹಳೆಯ ಟ್ಯೂಬ್ ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಿಕೆ ಬಿದ್ದು ಅದೇ ಗೆರೆಯಲ್ಲಿ ತೂತಾಗುತ್ತದೆ. ಟ್ಯೂಬ್‌ಲೆಸ್ ಆದರೆ ವಾಲ್ವ್ ಹೊಸದು ಹಾಕಿಸಿ, ರಿಮ್ಮಿನ ತುಕ್ಕು ಉಜ್ಜಿಸಿ. ಅಂಚು ಕೂರಿಸಲು ಸೋಪಿನ ನೀರು ಸಾಕು. ಗ್ರೀಸ್, ಡೀಸೆಲ್ ಸವರಿದರೆ ರಬ್ಬರ್ ಉಬ್ಬಿ ಕೊಳೆಯುತ್ತದೆ. ನಟ್ಟುಗಳನ್ನು ಎದುರುಬದುರಾಗಿ ಬಿಗಿಸಬೇಕು, 50–100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ. ಮುಂದಿನ ಎರಡಕ್ಕೆ ಬ್ಯಾಲೆನ್ಸಿಂಗ್, ಗಾಡಿಗೆ ಅಲೈನ್‌ಮೆಂಟ್ ಅದೇ ದಿನ ಆಗಬೇಕು. ಹಳೆಯ ಟೈರ್ ಎಸೆಯುವ ಮುನ್ನ ಅದರ ಸವೆತ ನೋಡಿ, ಗಾಡಿಯ ಕಾಯಿಲೆ ಅದರಲ್ಲೇ ಬರೆದಿರುತ್ತದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಅಥವಾ ಹೊರೆ ಹೆಚ್ಚು. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ಸವೆದು ಗರಗಸದ ಹಲ್ಲಿನಂತೆ ಕೈಗೆ ತಾಗಿದರೆ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಹೋಗಿದೆ. ಇದನ್ನು ಸರಿಪಡಿಸದೆ ಹಾಕಿದ ಹೊಸ ಟೈರೂ ಹಾಗೇ ಹಾಳಾಗುತ್ತದೆ.

ಗಾಳಿಯ ಮಾತು ಎಲ್ಲರಿಗೂ ಗೊತ್ತು, ಪಾಲಿಸುವವರು ಕಡಿಮೆ. 8ಪಿಆರ್ ಲೈಟ್ ಟ್ರಕ್ ಟೈರ್ ಪೂರ್ತಿ ತೂಕ ಹೊರುವುದು 65 ಪಿಎಸ್‌ಐ, ಅಂದರೆ 450 ಕೆಪಿಎ ಆಸುಪಾಸಿನ ಗಾಳಿಯಿದ್ದಾಗ. ಗರಿಷ್ಠ ಎಷ್ಟೆಂದು ಪಕ್ಕೆಯಲ್ಲಿದೆ, ನಿಮ್ಮ ಗಾಡಿಗೆ ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ಸ್ಟಿಕ್ಕರಿನಲ್ಲಿದೆ. ಕಾರಿನ ರೂಢಿಯಲ್ಲಿ 35 ಹಾಕಿಸಿದರೆ 106ರ ಟೈರೂ 106ರ ತೂಕ ಹೊರುವುದಿಲ್ಲ. ಬೆಳಿಗ್ಗೆ ಗಾಡಿ ಹೊರಡುವ ಮುನ್ನ, ಟೈರ್ ತಣ್ಣಗಿರುವಾಗಲೇ ನೋಡಬೇಕು. ಓಡಿ ಕಾದ ಮೇಲೆ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಎರಡು–ಮೂರು ಪಿಎಸ್‌ಐ ಏರುವುದು ಸಹಜ. ‘ಬಿಸಿಲು, ಸಿಡಿದೀತು’ ಎಂದು ದಾರಿಯಲ್ಲಿ ಗಾಳಿ ಬಿಡುವವರು ಸಿಡಿಯುವುದಕ್ಕೇ ದಾರಿ ಮಾಡುತ್ತಾರೆ. ಗಾಳಿ ತಗ್ಗಿದ ಟೈರ್ ಹೆಚ್ಚು ಬಾಗಿ ಇನ್ನೂ ಹೆಚ್ಚು ಕಾಯುತ್ತದೆ. ನೈಟ್ರೋಜನ್‌ಗೆ ಕೊಡುವ ದುಡ್ಡಲ್ಲಿ ಗಾಳಿ ಅಳೆಯುವ ಒಂದು ಒಳ್ಳೆಯ ಗೇಜ್ ಕೊಳ್ಳಿ.

2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಮೂಲಬೆಲೆ 8,000 ಇರುವ ಟೈರಿಗೆ 10,240ರ ಬದಲು 9,440 ಕೊಟ್ಟರೆ ಸಾಕು. ಉಳಿದ 800 ರೂಪಾಯಿ ಸರಿಯಾದ ಲೋಡ್ ಇಂಡೆಕ್ಸಿನ ಟೈರಿಗೆ ಹೋಗಲಿ. ತೆರಿಗೆ ಉಳಿಸಲು ಬಿಲ್ ಬೇಡ ಅನ್ನಬೇಡಿ. ತಯಾರಿಕೆಯ ದೋಷಕ್ಕೆ ಕಂಪನಿ ಪರಿಹಾರ ಕೊಡುವುದು ಬಿಲ್ಲೂ ಸೀರಿಯಲ್ ನಂಬರೂ ಇದ್ದಾಗ, ಅದೂ ಉಳಿದಿರುವ ಬಟನ್ ಆಳದ ಲೆಕ್ಕದಲ್ಲಿ.

ಸಂಬಂಧಪಟ್ಟವರಲ್ಲಿ ಎರಡು ಕೋರಿಕೆ. ಟೈರ್ ಅಂಗಡಿಯವರು ಬಿಲ್ಲಿನಲ್ಲಿ ‘ಟೈರ್ – 2’ ಎಂದಷ್ಟೇ ಬರೆಯದೆ ಅಳತೆ, ಲೋಡ್ ಇಂಡೆಕ್ಸ್, ತಯಾರಾದ ವಾರ-ವರ್ಷ, ಸೀರಿಯಲ್ ನಂಬರ್ ನಮೂದಿಸಬೇಕು. ಸಾರಿಗೆ ವಾಹನಗಳಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯವೇ ಎಂಬ ತಪಾಸಣೆ) ಆಗುತ್ತದೆ. ಅಲ್ಲಿ ಬಟನ್ ಆಳದ ಜೊತೆಗೆ ಲೋಡ್ ಇಂಡೆಕ್ಸನ್ನೂ ಆಕ್ಸಲ್ ತೂಕಕ್ಕೆ ತಾಳೆ ನೋಡಬೇಕು. ಒಂದು ಗಾಡಿಗೆ ಎರಡು ನಿಮಿಷದ ಕೆಲಸ.

ನಿಮ್ಮ ವರದಿಗಾರರಲ್ಲೂ ಒಂದು ವಿನಂತಿ. ಸಿಡಿದ ಟೈರಿನ ಬಟನ್ ಚಿಂದಿಯಾದರೂ ಪಕ್ಕೆಯ ಬರಹ ಎಷ್ಟೋ ಸಲ ಓದಲು ಬರುವಂತೆಯೇ ಉಳಿದಿರುತ್ತದೆ. ‘ಟೈರ್ ಸಿಡಿದು’ ಎಂದು ಬರೆಯುವಾಗ ಅದರ ಲೋಡ್ ಇಂಡೆಕ್ಸ್ ಎಷ್ಟಿತ್ತು, ಯಾವ ವರ್ಷದ್ದು, ಗಾಡಿಯಲ್ಲಿ ಎಷ್ಟು ತೂಕವಿತ್ತು ಎಂಬುದನ್ನೂ ಸೇರಿಸಿ ಬರೆಯಲಿ.

– ಟೈರ್ ಕೆಲಸ ಬಲ್ಲ ಓದುಗ, ಕೋಲಾರ